ಡೈವೋರ್ಸ್ ಆದ ಮೇಲೆ ಮಗುವಿನ ಪಾಲನೆ ಮತ್ತು ಖರ್ಚು: ಕೊಡಗಿನವರಿಗಾಗಿ ಸಮಗ್ರ ಮಾರ್ಗದರ್ಶಿ

ಕಾಫಿ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಮಗುವಿಗೆ ಹಸಿವಾಗುವುದು ದಿನಾಲೂ. ಕೊಡಗಿನಲ್ಲಿ ಗಂಡ ಹೆಂಡತಿ ಬೇರೆಯಾದಾಗ ಮಗುವಿನ ಖರ್ಚಿನ ಬಗ್ಗೆ ನಡೆಯುವ ಎಳೆದಾಟ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ. “ಕೊಯ್ಲು ಮುಗೀಲಿ, ಕೊಡ್ತೀನಿ” ಅಂತ ಅಪ್ಪ. “ಶಾಲೆಯವರು ಅಲ್ಲಿವರೆಗೆ ಕಾಯಲ್ಲ” ಅಂತ ಅಮ್ಮ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಒಪ್ಪಂದದ ಕಾಗದದಲ್ಲಿ ಈ ಮಾತಿಗೆ ಜಾಗವೇ ಇರುವುದಿಲ್ಲ. ಬೆಂಗಳೂರಿನ ಸಂಬಳದವರಿಗೆ ಬರೆದ ನಮೂನೆಯನ್ನು ಹೆಸರಷ್ಟೇ ಬದಲಿಸಿ ಟೈಪ್ ಮಾಡಿಸಿದರೆ ಮೊದಲ ಮಳೆಗಾಲಕ್ಕೇ ಅದು ಕೈಕೊಡುತ್ತದೆ.

ಹಾಗಾಗಿ ಇಲ್ಲಿ ಕಾನೂನಿನ ಜೊತೆಗೆ ನಮ್ಮ ತೋಟ, ಮಳೆ, ಹಬ್ಬ, ರಸ್ತೆಗಳನ್ನೂ ಸೇರಿಸಿಕೊಂಡು ಒಂದೊಂದೇ ಹೆಜ್ಜೆ ಬರೆದಿದ್ದೇನೆ. ಅಮ್ಮಂದಿರಿಗೆ ಎಷ್ಟು ಬೇಕೋ ಅಪ್ಪಂದಿರಿಗೂ ಅಷ್ಟೇ ಬೇಕಾದ ವಿಷಯ ಇದು.

ಹೆಜ್ಜೆ 1: ಮೂರು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಮಗು ದಿನನಿತ್ಯ ಯಾರ ಮನೆಯಲ್ಲಿ ಬೆಳೆಯುತ್ತದೆ ಅನ್ನುವುದು ಪಾಲನೆ, ಅಂದರೆ ಕಸ್ಟಡಿ. ಇನ್ನೊಬ್ಬರು ಮಗುವನ್ನು ಯಾವಾಗ, ಹೇಗೆ ನೋಡುತ್ತಾರೆ ಅನ್ನುವುದು ಭೇಟಿ. ಮಗುವಿನ ಊಟ, ಬಟ್ಟೆ, ಓದು, ಔಷಧಿಗೆ ಯಾರು ಎಷ್ಟು ಕೊಡುತ್ತಾರೆ ಅನ್ನುವುದು ಜೀವನಾಂಶ. ಕೋರ್ಟ್ ಈ ಮೂರನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ.

“ದುಡ್ಡು ಕೊಡಲಿಲ್ಲ, ಅದಕ್ಕೆ ಮಗು ತೋರಿಸಲ್ಲ” ಅನ್ನುವುದು ತಪ್ಪು. “ಮಗು ತೋರಿಸಲಿಲ್ಲ, ಅದಕ್ಕೆ ದುಡ್ಡು ಹಾಕಲ್ಲ” ಅನ್ನುವುದೂ ತಪ್ಪು. ಒಂದು ತಪ್ಪಿದರೆ ಅದಕ್ಕೆ ಕೋರ್ಟಿನಲ್ಲಿ ಅದರದೇ ದಾರಿ ಇದೆ. ನೀವೇ ಇನ್ನೊಂದನ್ನು ನಿಲ್ಲಿಸಿದರೆ ಮುಂದಿನ ವಾಯಿದೆಯಲ್ಲಿ ಜಡ್ಜ್ ಪ್ರಶ್ನೆ ಕೇಳುವುದು ನಿಮ್ಮನ್ನು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಇನ್ನೊಂದು ಮಾತು ನಮ್ಮ ಕಡೆ ಜಾಸ್ತಿ ಕೇಳಿಬರುತ್ತದೆ: “ಮಗು ಅಪ್ಪನ ಒಕ್ಕದ್ದು, ಅಲ್ಲೇ ಇರಬೇಕು.” ಒಕ್ಕ (ಒಂದೇ ಮೂಲದ ದೊಡ್ಡ ಕುಟುಂಬ), ಐನ್‌ಮನೆ (ಒಕ್ಕದ ಮೂಲ ಮನೆ), ಮನೆ ಹೆಸರು ಇವೆಲ್ಲ ಮಗುವಿಗೆ ಸೇರಿದ್ದು, ನಿಜ. ಅಮ್ಮನ ಹತ್ತಿರ ಬೆಳೆದ ಮಾತ್ರಕ್ಕೆ ಮನೆ ಹೆಸರೂ ಹೋಗುವುದಿಲ್ಲ, ಅಪ್ಪನ ಆಸ್ತಿಯಲ್ಲಿ ಇರುವ ಹಕ್ಕೂ ಹೋಗುವುದಿಲ್ಲ. ಆದರೆ ಮಗು ಯಾರ ಹತ್ತಿರ ಇರಬೇಕು ಅನ್ನುವುದನ್ನು ಒಕ್ಕ ನೋಡಿ ತೀರ್ಮಾನ ಮಾಡುವುದಿಲ್ಲ. ಮಗುವಿನ ಹಿತ ನೋಡಿ ಮಾಡುತ್ತಾರೆ.

ಹೆಜ್ಜೆ 2: ಯಾವ ಕಾನೂನು, ಯಾವ ಕೋರ್ಟ್

ಮದುವೆ ಯಾವ ಕಾನೂನಿನಡಿ ಆಗಿದೆ ಅನ್ನುವುದರ ಮೇಲೆ ಅರ್ಜಿ ನಿಲ್ಲುತ್ತದೆ. ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಡೈವೋರ್ಸ್ ಕೇಸ್ ನಡೆಯುತ್ತಿದ್ದರೆ ಅದರ 26ನೇ ಕಲಂನಲ್ಲೇ ಮಗುವಿನ ಪಾಲನೆ, ಓದು, ಖರ್ಚು ಎಲ್ಲದಕ್ಕೂ ಆದೇಶ ಕೇಳಬಹುದು. ಡೈವೋರ್ಸ್ ಆಗಿ ಹೋದ ಮೇಲೂ ಕೇಳಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮತ್ತು ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲಿ ಇಂಥದೇ ಅವಕಾಶ ಇದೆ. ಯಾವ ಧರ್ಮದವರಾದರೂ ಬಳಸಬಹುದಾದ ಕಾನೂನು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ. ಇದರ ಅರ್ಜಿಯನ್ನು ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಕೋರ್ಟಿಗೆ ಹಾಕಬೇಕು. ಮಗು ವಿರಾಜಪೇಟೆಯಲ್ಲಿ ಅಜ್ಜಿ ಮನೆಯಲ್ಲಿ ಇದ್ದು ಶಾಲೆಗೆ ಹೋಗುತ್ತಿದ್ದರೆ ಅಪ್ಪ ಅಮ್ಮ ಬೆಂಗಳೂರಿನಲ್ಲಿದ್ದರೂ ಅರ್ಜಿ ಕೊಡಗಿಗೇ ಬರುತ್ತದೆ.

ಬರೀ ಜೀವನಾಂಶ ಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಹಳಬರು “125 ಕೇಸ್” ಅನ್ನುವುದು ಇದನ್ನೇ. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ, ಅಷ್ಟೇ. ಧರ್ಮ ಯಾವುದಾದರೂ ಆಗಬಹುದು, ಅಪ್ಪ ಅಮ್ಮನಿಗೆ ಮದುವೆಯೇ ಆಗಿಲ್ಲದಿದ್ದರೂ ಮಗುವಿಗೆ ಹಕ್ಕಿದೆ. ಹೆಂಡತಿ ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ನೋಟಿಸ್ ತಲುಪಿದ ಮೇಲೆ ಮಧ್ಯಂತರ ಜೀವನಾಂಶದ (ಕೇಸ್ ಮುಗಿಯುವವರೆಗೆ ಕೊಡುವ ಹಣದ) ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನದೊಳಗೆ ತೀರ್ಮಾನಿಸಬೇಕು ಎಂದು ಕಾನೂನೇ ಹೇಳುತ್ತದೆ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ಹತ್ತಿರ ಮಗುವಿನ ತಾತ್ಕಾಲಿಕ ಪಾಲನೆ ಮತ್ತು ಖರ್ಚು ಎರಡನ್ನೂ ಕೇಳಬಹುದು. ಅವತ್ತೇ ಸಹಾಯ ಬೇಕಾದರೆ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಹೆಜ್ಜೆ 3: ಲಾಯರ್ ಫೀಸಿಗೆ ದುಡ್ಡಿಲ್ಲದಿದ್ದರೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ಗಂಡಸರಿಗೂ ಹಾಗೇ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ದೂರದವರು 15100ಕ್ಕೆ ಫೋನ್ ಮಾಡಿ ಶುರು ಮಾಡಬಹುದು. ಲೈನ್ ಮನೆಯಲ್ಲಿರುವ ತೋಟದ ಕೆಲಸದ ಹೆಂಗಸರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ. ನಿಮಗೆ ಪರಿಚಯದವರು ಇದ್ದರೆ ದಯವಿಟ್ಟು ಹೇಳಿ.

ಹೆಜ್ಜೆ 4: ಆದಾಯದ ಕಾಗದ ಕೂಡಿಸಿ

ಕೊಡಗಿನ ಕೇಸುಗಳಲ್ಲಿ ಅತಿ ಕಷ್ಟದ ಕೆಲಸ ಇದೇ. ಸಂಬಳದವರಾದರೆ ಸ್ಯಾಲರಿ ಸ್ಲಿಪ್ ಮುಂದಿಟ್ಟರೆ ಮುಗಿಯಿತು. ತೋಟದ ಆದಾಯಕ್ಕೆ ಸ್ಲಿಪ್ ಎಲ್ಲಿಂದ ತರುತ್ತೀರಿ?

2020ರ ನವೆಂಬರ್‌ನಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ನಿಯಮ ಮಾಡಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕೊಡಲೇಬೇಕು. ಎದುರು ಪಕ್ಷದವರಿಗೆ ಇದಕ್ಕೆ ಹೆಚ್ಚೆಂದರೆ ನಾಲ್ಕು ವಾರ ಸಮಯ. ಆ ತೀರ್ಪಿನ ಜೊತೆಯಲ್ಲೇ ಅಫಿಡವಿಟ್ ನಮೂನೆಗಳೂ ಇವೆ. ಅದರಲ್ಲಿ ಎರಡನೆಯದು ಕೃಷಿಕರಿಗೆಂದೇ ಮಾಡಿದ್ದು. ಜಮೀನು ಎಷ್ಟು, ಏನು ಬೆಳೆ, ಎಷ್ಟು ಬರುತ್ತದೆ ಎಂದೆಲ್ಲ ಅದು ಕೇಳುತ್ತದೆ. ನಿಮ್ಮ ವಕೀಲರು ಸಂಬಳದವರ ನಮೂನೆ ತುಂಬಿಸಲು ಹೊರಟರೆ ಕೃಷಿಕರ ನಮೂನೆ ಕೇಳಿ ತೆಗೆದುಕೊಳ್ಳಿ.

ತೋಟದ ಆದಾಯ ತೋರಿಸಲು ನೆರವಾಗುವ ಕಾಗದಗಳು:

- ಪಹಣಿ. ಜಮ್ಮಾ ಜಾಗವಾದರೆ (ಕೊಡಗಿನಲ್ಲಿ ವಂಶದಿಂದ ಬಂದ ಜಮೀನು) ಒಂದೇ ಪಹಣಿಯಲ್ಲಿ ಒಕ್ಕದ ಹಲವರ ಹೆಸರು ಇರುತ್ತದೆ. ನಿಜವಾಗಿ ಯಾರು ಯಾವ ಭಾಗ ನೋಡಿಕೊಳ್ಳುತ್ತಾರೆ ಅಂತ ಅಫಿಡವಿಟ್‌ನಲ್ಲಿ ಬಿಡಿಸಿ ಬರೆಯಿರಿ.
- ಕಾಫಿ, ಕಾಳುಮೆಣಸು ಮಾರಿದ ಬಿಲ್ಲು, ವ್ಯಾಪಾರಿಯ ಚೀಟಿ, ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆ) ರಸೀದಿ, ತೂಕದ ಚೀಟಿ. ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು), ಎಷ್ಟು ಚೀಲ, 50 ಕೆ.ಜಿ. ಚೀಲಕ್ಕೆ ಅವತ್ತಿನ ದರ ಎಷ್ಟು ಎಂಬುದೂ ಇರಲಿ.
- ಬ್ಯಾಂಕಿಗೆ ಅಥವಾ ಸಹಕಾರ ಸಂಘಕ್ಕೆ ಬೆಳೆ ಸಾಲಕ್ಕಾಗಿ ಕೊಟ್ಟ ಕಾಗದ. ಸಾಲ ಕೇಳುವಾಗ ಯಾರೂ ಆದಾಯ ಕಡಿಮೆ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಒಂದು ಲೆಕ್ಕ, ಕೋರ್ಟಿನಲ್ಲಿ ಇನ್ನೊಂದು ಲೆಕ್ಕ ಆದರೆ ಕೋರ್ಟಿಗೆ ಅದು ಕಾಣಲೇಬೇಕು. ಆ ಕಾಗದ ನಿಮ್ಮ ಕೈಯಲ್ಲಿಲ್ಲದಿದ್ದರೆ ಬ್ಯಾಂಕಿನಿಂದ ತರಿಸಿ ಎಂದು ಕೋರ್ಟನ್ನೇ ಕೇಳಬಹುದು.
- ಹೋಂಸ್ಟೇ ಇದ್ದರೆ ಅದರ ನೋಂದಣಿ, ಆನ್‌ಲೈನ್ ಬುಕಿಂಗ್ ಪುಟದ ಪ್ರತಿ.

ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಒಂದನ್ನೇ ನೋಡಿ ಮೋಸ ಹೋಗಬೇಡಿ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಬೆಳೆಗಾರ ತನ್ನದೇ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೂ ಆದಾಯದ 25 ಶೇಕಡಾ ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ತೆರಿಗೆಗೆ ಬಂದ ಆದಾಯ ಸಣ್ಣದಾಗಿ ಕಂಡರೆ ತೋಟದ ಆದಾಯವೂ ಸಣ್ಣದು ಎಂದರ್ಥವಲ್ಲ. ಅದೇ ರಿಟರ್ನ್ಸ್‌ನಲ್ಲಿ ಕೃಷಿ ಆದಾಯ ಎಂಬ ಸಾಲು ಇದೆಯಲ್ಲ, ಅದನ್ನು ನೋಡಿ.

“ತೋಟ ನನ್ನ ಹೆಸರಲ್ಲಿಲ್ಲ, ಅಪ್ಪನ ಹೆಸರಲ್ಲಿದೆ” ಎಂಬ ಉತ್ತರಕ್ಕೂ ತಯಾರಾಗಿರಿ. ಕೋರ್ಟ್ ದುಡಿಯುವ ಶಕ್ತಿ ಮತ್ತು ಬದುಕುವ ರೀತಿ ಎರಡನ್ನೂ ನೋಡುತ್ತದೆ. ಗಟ್ಟಿಮುಟ್ಟಾದ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಕಡೆ, ಅಮ್ಮ ಕೆಲಸದಲ್ಲಿದ್ದರೆ ಮಗುವಿನ ಖರ್ಚಿನಲ್ಲಿ ಅವರ ಪಾಲೂ ಇರುತ್ತದೆ. ಅದನ್ನು ಮುಚ್ಚಿಡಬೇಡಿ.

ಅಪ್ಪ ಸೇನೆಯಲ್ಲಿದ್ದರೆ ದಾರಿ ಸ್ವಲ್ಪ ಸುಲಭ. ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಳದಿಂದಲೇ ಹಣ ಕಡಿತ ಮಾಡಲು 1950ರ ಸೇನಾ ಕಾಯ್ದೆಯಲ್ಲಿ ಅವಕಾಶ ಇದೆ.

ಹೆಜ್ಜೆ 5: ಮಗುವಿನ ಖರ್ಚು ಬರೆದಿಡಿ

ಒಂದು ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ತಿಂಗಳ ಖರ್ಚು: ಹಾಲು, ದಿನಸಿ, ಬಾಡಿಗೆಯಲ್ಲಿ ಮಗುವಿನ ಪಾಲು, ಶಾಲೆ ವ್ಯಾನ್, ಟ್ಯೂಷನ್, ಮೊಬೈಲ್ ರೀಚಾರ್ಜ್. ಎರಡನೇ ಪುಟದಲ್ಲಿ ವರ್ಷದ ಖರ್ಚು: ಫೀಸ್, ಪುಸ್ತಕ, ಯೂನಿಫಾರ್ಮ್, ಶೂ. ಕೊಡಗಿನಲ್ಲಿ ಮಗು ಸಾಕುವವರಿಗೆ ಇನ್ನೂ ಒಂದಷ್ಟು ಸೇರುತ್ತದೆ: ಜೂನ್ ಹೊತ್ತಿಗೆ ರೇನ್‌ಕೋಟ್, ಗಂಬೂಟ್, ಸ್ವೆಟರ್, ಒಣಗದ ಯೂನಿಫಾರ್ಮಿಗೆ ಬದಲಿಯಾಗಿ ಎರಡನೇ ಜೊತೆ. ಮೂರನೇ ಪುಟ ಅಚಾನಕ್ ಖರ್ಚಿಗೆ: ಆಸ್ಪತ್ರೆ, ಕನ್ನಡಕ, ಹಲ್ಲು, ಹಾಕಿ ಕ್ಯಾಂಪ್. ಬಿಲ್ಲು ಸಿಕ್ಕಿದ್ದಕ್ಕೆ ಬಿಲ್ಲು ಅಂಟಿಸಿ. ಬಿಲ್ಲಿಲ್ಲದ್ದಕ್ಕೆ ತಾರೀಖು ಮತ್ತು ಮೊತ್ತ ಬರೆಯಿರಿ. ಲೆಕ್ಕ ಉಬ್ಬಿಸಬೇಡಿ. ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ನಿಜವಾದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ.

ಜೀವನಾಂಶಕ್ಕೆ ಇಷ್ಟೇ ಎಂಬ ಸಿದ್ಧ ಸೂತ್ರ ಇಲ್ಲ. “ಸಂಬಳದ 25 ಶೇಕಡಾ” ಎಂದು ಎಲ್ಲರೂ ಹೇಳುತ್ತಾರೆ. ಅದು 2017ರ ಒಂದು ತೀರ್ಪಿನಲ್ಲಿ ಹೆಂಡತಿಯ ಜೀವನಾಂಶದ ಬಗ್ಗೆ ಬಂದ ಮಾತು. ಮಗುವಿಗೆ ಅದೇ ಅಳತೆ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಮಗುವಿನ ನಿಜವಾದ ಅಗತ್ಯ, ಇಬ್ಬರ ಆದಾಯ, ಹಿಂದೆ ಮಗು ಹೇಗೆ ಬದುಕುತ್ತಿತ್ತು, ಇವನ್ನು ನೋಡಿ ಮೊತ್ತ ಹಾಕುತ್ತಾರೆ. ಹಾಗಾಗಿಯೇ ಆ ನೋಟ್‌ಬುಕ್ಕಿಗೆ ಅಷ್ಟು ಬೆಲೆ.

ಹೆಜ್ಜೆ 6: ಪಾಲನೆ ವಿಷಯದಲ್ಲಿ ಕೋರ್ಟ್ ಏನು ನೋಡುತ್ತದೆ

ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ, 1956ರ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. “ಸಾಮಾನ್ಯವಾಗಿ” ಅಂದಿದ್ದಾರೆ, ಯಾವಾಗಲೂ ಎಂದಿಲ್ಲ. ಐದು ದಾಟಿತು, ಇನ್ನು ಮಗು ಅಪ್ಪನಿಗೆ ಎಂಬ ಲೆಕ್ಕವೂ ಇಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ.

ಹಿತ ಎಂದರೆ ಬರೀ ಆಸ್ತಿ ಅಲ್ಲ. ಬೆಳಿಗ್ಗೆ ಎಬ್ಬಿಸಿ ಶಾಲೆಗೆ ಕಳಿಸುವವರು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಕೂರುವವರು ಯಾರು, ಶಾಲೆ ಬದಲಾಗುತ್ತದೆಯೇ, ಅಣ್ಣ ತಂಗಿ ಬೇರೆಯಾಗುತ್ತಾರೆಯೇ ಎಂದೆಲ್ಲ ನೋಡುತ್ತಾರೆ. ತಿಳುವಳಿಕೆ ಬಂದ ಮಗುವಾದರೆ ಜಡ್ಜ್ ಚೇಂಬರಿಗೆ ಕರೆದು ಮಾತಾಡಿಸುತ್ತಾರೆ. ಆ ದಿನಕ್ಕಾಗಿ ಮಗುವಿಗೆ ಮಾತು ಬಾಯಿಪಾಠ ಮಾಡಿಸಬೇಡಿ. ಗೊತ್ತಾಗದೇ ಇರುವುದಿಲ್ಲ, ಮಗುವಿನ ಮನಸ್ಸಿಗೂ ಅದು ದೊಡ್ಡ ಹೊರೆ. ಶಾಲೆಯ ಗೇಟಿನಿಂದ ಮಗುವನ್ನು ಹೇಳದೆ ಕೇಳದೆ ಕರೆದುಕೊಂಡು ಹೋಗುವ ಕೆಲಸವನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ.

ಇಬ್ಬರಿಗೂ ಸಮನಾಗಿ ಹಂಚುವ ಪಾಲನೆಯೂ ಉಂಟು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗುವನ್ನು ವರ್ಷದ ಮೊದಲ ಆರು ತಿಂಗಳು ತಂದೆಗೂ ಉಳಿದ ಆರು ತಿಂಗಳು ತಾಯಿಗೂ ಕೊಟ್ಟಿತ್ತು. ಇಬ್ಬರೂ ಒಂದೇ ಶಾಲೆಯ ಹತ್ತಿರ ಇದ್ದರೆ ಇದು ನಡೆಯುತ್ತದೆ. ಒಬ್ಬರು ಮಡಿಕೇರಿ, ಇನ್ನೊಬ್ಬರು ಮೈಸೂರು ಅಂದರೆ ಮಗುವಿಗೆ ಪ್ರಯಾಣವೇ ಬದುಕಾಗುತ್ತದೆ. ನನ್ನ ಪ್ರಕಾರ ಅಂಥ ಕಡೆ ಪಾಲನೆ ಒಬ್ಬರಿಗೆ, ಧಾರಾಳವಾದ ಭೇಟಿ ಇನ್ನೊಬ್ಬರಿಗೆ, ಇದೇ ವಾಸಿ.

ಹೆಜ್ಜೆ 7: ಭೇಟಿಯ ದಿನಗಳನ್ನು ಕೊಡಗಿನ ಕ್ಯಾಲೆಂಡರ್ ನೋಡಿ ಬರೆಸಿ

ಪರಸ್ಪರ ಒಪ್ಪಿಗೆಯ ಡೈವೋರ್ಸ್ ಆಗಲಿ, ಮೀಡಿಯೇಷನ್ ಆಗಲಿ, ಒಪ್ಪಂದ ಬರೆಯುವಾಗ “ತಂದೆಗೆ ಭೇಟಿಯ ಹಕ್ಕು ಇರುತ್ತದೆ” ಎಂಬ ಒಂದೇ ಸಾಲಿಗೆ ಒಪ್ಪಬೇಡಿ. ಅದರಿಂದ ಇಬ್ಬರಿಗೂ ತೊಂದರೆ. ಹೀಗೆ ಬರೆಸಬಹುದು:

“ಮಗುವು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ 3 ಗಂಟೆಯಿಂದ ಭಾನುವಾರ ಸಂಜೆ 4 ಗಂಟೆಯವರೆಗೆ ತಂದೆಯ ಬಳಿ ಇರುವುದು. ಮಗುವನ್ನು ಕುಶಾಲನಗರ ಬಸ್ ನಿಲ್ದಾಣದಲ್ಲಿ ಒಪ್ಪಿಸುವುದು ಮತ್ತು ಅಲ್ಲಿಯೇ ವಾಪಸ್ ಪಡೆಯುವುದು. ಮಳೆ, ಗುಡ್ಡ ಕುಸಿತ ಅಥವಾ ರಸ್ತೆ ಬಂದ್‌ನಿಂದ ಭೇಟಿ ತಪ್ಪಿದಲ್ಲಿ ಮುಂದಿನ ಮೂರು ವಾರಗಳೊಳಗೆ ಅಷ್ಟೇ ಅವಧಿಯ ಭೇಟಿ ನೀಡುವುದು.”

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಜುಲೈನಲ್ಲಿ ಜಿಲ್ಲಾಡಳಿತ ಶಾಲೆಗೆ ರಜೆ ಕೊಟ್ಟ ದಿನ ಮಗುವನ್ನು ಘಾಟಿ ಇಳಿಸಿ ಕಳಿಸು ಎಂದು ಯಾರೂ ಹಟ ಮಾಡಬಾರದು. ಹಾಗೆಯೇ, ಮಳೆಯ ನೆಪದಲ್ಲಿ ಮೂರು ತಿಂಗಳು ಮಗುವನ್ನು ತೋರಿಸದೆ ಇರಲೂ ಬಾರದು. ವಿಡಿಯೋ ಕಾಲ್‌ಗೂ ದಿನ, ಹೊತ್ತು ಬರೆಸಿ. ಕರೆಂಟ್ ಹೋಗಿ ನೆಟ್‌ವರ್ಕ್ ಇಲ್ಲದಿದ್ದರೆ ಮರುದಿನ ಅದೇ ಹೊತ್ತಿಗೆ ಎಂದು ಸೇರಿಸಿ.

ಹಬ್ಬಗಳ ವಿಷಯಕ್ಕೆ ಬರೋಣ. ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಹುಣ್ಣಿಮೆ ಹಬ್ಬ, ತಾರೀಖು ವರ್ಷ ವರ್ಷ ಬದಲಾಗುತ್ತದೆ. ಕದಿರು ತೆಗೆಯುವ ಮುಹೂರ್ತ ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮೇಲಷ್ಟೇ ಗೊತ್ತಾಗುವುದು. ಅದೂ ರಾತ್ರಿ ಹೊತ್ತು. ಗದ್ದೆಯಲ್ಲಿ ಕೋವಿ ಹಾರಿಸಿ, ಕದಿರು ಕೊಯ್ದು, “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾ ಮನೆಗೆ ಬರುವಾಗ ಮಗು ಆ ಗುಂಪಿನಲ್ಲಿ ಇರಬೇಕು ಎಂಬ ಅಪ್ಪನ ಆಸೆ ನ್ಯಾಯವಾದದ್ದು. ಹಾಗಾಗಿ ತಾರೀಖು ಬರೆಯಬೇಡಿ, ಹಬ್ಬದ ಹೆಸರು ಬರೆಯಿರಿ. “ಹುತ್ತರಿಯ ದಿನ ಬೆಳಿಗ್ಗೆಯಿಂದ ಮರುದಿನ ಸಂಜೆವರೆಗೆ” ಎಂದು ರಾತ್ರಿಯನ್ನೂ ಸೇರಿಸಿ ಬರೆಯಿರಿ. ಒಂದು ವರ್ಷ ಹುತ್ತರಿ ಅಪ್ಪನ ಹತ್ತಿರ, ಕೈಲ್‌ಪೋದ್ (ಆಯುಧ ಪೂಜೆಯ ಹಬ್ಬ) ಅಮ್ಮನ ಹತ್ತಿರ, ಮುಂದಿನ ವರ್ಷ ತಿರುಗಾಮುರುಗಾ ಎಂದು ಮಾಡಿಕೊಳ್ಳಬಹುದು. ಕಾವೇರಿ ಸಂಕ್ರಮಣ, ದಸರಾ ರಜೆ, ಕ್ರಿಸ್‌ಮಸ್, ರಂಜಾನ್, ನಿಮ್ಮ ಮನೆಯಲ್ಲಿ ಯಾವುದು ದೊಡ್ಡದೋ ಅದಕ್ಕೂ ಹೀಗೇ. ಬೇಸಿಗೆ ರಜೆಯನ್ನು ಅರ್ಧ ಅರ್ಧ ಮಾಡಿ.

ಮಗು ಹಾಸ್ಟೆಲ್‌ನಲ್ಲಿದ್ದರೆ ಶಾಲೆಯ ಭೇಟಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಲಿ. ಮಾರ್ಕ್ಸ್ ಕಾರ್ಡ್, ಪೇರೆಂಟ್ಸ್ ಮೀಟಿಂಗ್ ಮಾಹಿತಿ ಇಬ್ಬರಿಗೂ ಸಿಗಬೇಕು ಎಂದು ಬರೆಸಿ.

ಹೆಜ್ಜೆ 8: ದುಡ್ಡಿನ ಷರತ್ತು ಕೊಯ್ಲಿಗೆ ಹೊಂದಲಿ, ಮಗುವಿಗೆ ತಿಂಗಳಾ ತಿಂಗಳು ಸಿಗಲಿ

ಕಾಫಿ ಕೊಯ್ಲು, ಮಾರಾಟ ಮುಗಿದು ಕೈಯಲ್ಲಿ ಹಣ ಆಡುವುದು ಬೇಸಿಗೆಗೆ. ಶಾಲೆ ಫೀಸ್ ಬರುವುದು ಮೇ–ಜೂನ್‌ಗೆ. ಇದನ್ನು ಅನುಕೂಲವಾಗಿ ಬಳಸಿಕೊಳ್ಳಿ. ಒಪ್ಪಂದದಲ್ಲಿ ಎರಡು ಭಾಗ ಮಾಡಿ. ಒಂದು, ವರ್ಷದ ಫೀಸು ಮತ್ತು ಪುಸ್ತಕದ ಹಣವನ್ನು ಅಪ್ಪ ಏಪ್ರಿಲ್ 30ರೊಳಗೆ ನೇರವಾಗಿ ಶಾಲೆಗೆ ಅಥವಾ ಮಗುವಿನ ಖಾತೆಗೆ ಕಟ್ಟುವುದು. ಎರಡು, ತಿಂಗಳ ಖರ್ಚಿಗೆ ನಿಗದಿಯಾದ ಮೊತ್ತ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಹಾಕುವುದು.

ತಿಂಗಳ ಹಣ ತಪ್ಪದಂತೆ ಒಂದು ಉಪಾಯ ಇದೆ. ಕೊಯ್ಲಿನ ಹಣ ಬಂದ ಕೂಡಲೇ ಅಪ್ಪ ಹನ್ನೆರಡು ತಿಂಗಳ ಮೊತ್ತವನ್ನು ಬೇರೆ ಖಾತೆಗೆ ಹಾಕಿ, ತಿಂಗಳಿಗೊಮ್ಮೆ ಅಮ್ಮನ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡುವುದು. ಆಮೇಲೆ ಮಳೆಗಾಲದಲ್ಲಿ ಕೈ ಖಾಲಿ ಇದ್ದರೂ ಫೋನ್ ಮಾಡಿ ಕೇಳುವ, ಬೈಯುವ ಪ್ರಸಂಗ ಬರುವುದಿಲ್ಲ.

ನಗದು ಬೇಡವೇ ಬೇಡ. ಕೊಟ್ಟವರಿಗೂ ಸಾಕ್ಷಿ ಇರುವುದಿಲ್ಲ, ತೆಗೆದುಕೊಂಡವರಿಗೂ ಇರುವುದಿಲ್ಲ. ವರ್ಷಕ್ಕೆ ಇಷ್ಟು ಶೇಕಡಾ ಏರಿಕೆ ಎಂದು ಈಗಲೇ ಬರೆಸಿ. ಆಸ್ಪತ್ರೆಯ ದೊಡ್ಡ ಖರ್ಚಿನಲ್ಲಿ ಯಾರ ಪಾಲು ಎಷ್ಟು, ಬಿಲ್ಲು ಕಳಿಸಿದ ಎಷ್ಟು ದಿನದೊಳಗೆ ಕೊಡಬೇಕು ಎಂಬುದೂ ಇರಲಿ.

“ಮಗುವಿಗೆ ಜೀವನಾಂಶ ಬೇಡ, ಡೈವೋರ್ಸ್ ಕೊಟ್ಟರೆ ಸಾಕು” ಎಂದು ಬೇಸರದಲ್ಲಿ ಸಹಿ ಹಾಕುವ ಅಮ್ಮಂದಿರು ಇದ್ದಾರೆ. ಅದು ಮಗುವಿನ ಹಕ್ಕು, ಬಿಟ್ಟುಕೊಡುವ ಅಧಿಕಾರ ಅಮ್ಮನಿಗಿಲ್ಲ. ಹಾಗೆ ಸಹಿ ಹಾಕಿದ್ದರೂ ಮುಂದೆ ಮಗುವಿನ ಪರವಾಗಿ ಕೇಳಬಹುದು.

ಹೆಜ್ಜೆ 9: ಆದೇಶ ಪಾಲಿಸದಿದ್ದರೆ

144ನೇ ಕಲಂ ಆದೇಶದ ಹಣ ಬಾಕಿಯಾದರೆ ವಸೂಲಿಗೆ ಅರ್ಜಿ ಹಾಕಿ. ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. “ಪಾಪ, ಈ ವರ್ಷ ಬೆಳೆ ಹೋಯಿತು” ಎಂದು ಸುಮ್ನೆ ಕಾಯುತ್ತಾ ಕೂತರೆ ಹಳೆಯ ಬಾಕಿಯನ್ನು ಈ ದಾರಿಯಲ್ಲಿ ವಸೂಲಿ ಮಾಡಲು ಆಗುವುದಿಲ್ಲ. ಸರಿಯಾದ ಕಾರಣ ಇಲ್ಲದೆ ಕೊಡದವರಿಗೆ ಬಾಕಿ ಇರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ, ಹಣ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಡೈವೋರ್ಸ್ ಕೇಸಿನ ಆದೇಶವಾದರೆ ಜಾರಿ ಅರ್ಜಿ ಹಾಕಿ ಸಂಬಳ, ಆಸ್ತಿ ಜಪ್ತಿ ಕೇಳಬಹುದು.

ಭೇಟಿ ತಪ್ಪಿಸುತ್ತಿದ್ದರೆ ಅಪ್ಪ ಮಾಡಬೇಕಾದ್ದು: ಹೇಳಿದ ದಿನ, ಹೇಳಿದ ಜಾಗಕ್ಕೆ ಹೋಗಿ. ಬಸ್ ಟಿಕೆಟ್ ಇಟ್ಟುಕೊಳ್ಳಿ. “ಬಂದಿದ್ದೇನೆ, ಕಾಯುತ್ತಿದ್ದೇನೆ” ಎಂದು ಒಂದು ಮೆಸೇಜ್ ಹಾಕಿ, ಬೈಗುಳ ಬೇಡ. ಆಮೇಲೆ ಆದೇಶ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಿ. ಈ ಹೊತ್ತಿನಲ್ಲೂ ತಿಂಗಳ ಹಣ ನಿಲ್ಲಿಸಬೇಡಿ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಹಾಕಿದರೆ ಮುಂದಿನ ವಾಯಿದೆ ಕಾಣುತ್ತದೆ. ಭಾಗಮಂಡಲದಿಂದಲೋ ಕುಟ್ಟದಿಂದಲೋ ಹೊರಡುವ ಮೊದಲು ನೋಡಿಕೊಳ್ಳಿ.

ಹೆಜ್ಜೆ 10: ಕಾಲ ಬದಲಾದರೆ ಆದೇಶವೂ ಬದಲಾಗುತ್ತದೆ

ಪಾಲನೆಯ ಆದೇಶ ಯಾವತ್ತೂ ಕೊನೆಯ ಮಾತಲ್ಲ. ಮಗು ಬೆಳೆಯಿತು, ಶಾಲೆ ಬದಲಾಯಿತು, ಒಬ್ಬರಿಗೆ ಮರುಮದುವೆ ಆಯಿತು, ಅಮ್ಮನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು ಎಂದರೆ ಹೊಸ ಅರ್ಜಿ ಹಾಕಬಹುದು. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಕೋರ್ಟ್ ನಿಮ್ಮನ್ನು ಪೋಷಕರಾಗಿ ನೇಮಿಸಿದ್ದರೆ, ಆ ಕೋರ್ಟಿನ ವ್ಯಾಪ್ತಿಯಿಂದ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ನೆಲೆಸುವ ಮೊದಲು ಅನುಮತಿ ಪಡೆಯಬೇಕು.

ಜೀವನಾಂಶವೂ ಹಾಗೇ. 2024ರಲ್ಲಿ ರೊಬಸ್ಟಾ ಕಾಫಿ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಅದಕ್ಕೂ ಮೊದಲಿನ ಬೆಲೆ ನೋಡಿ ಹಾಕಿದ್ದ ಮೊತ್ತವನ್ನು ಹೆಚ್ಚಿಸಿ ಎಂದು ಕೇಳಲು ಅದು ಸರಿಯಾದ ಕಾರಣ. ಬೆಲೆ ಬಿದ್ದರೆ, ತೋಟ ಮಳೆಗೆ ಕೊಚ್ಚಿಹೋದರೆ ಅಪ್ಪನೂ ಕಡಿಮೆ ಮಾಡಿ ಎಂದು ಕೇಳಬಹುದು. ಆದರೆ ಕೋರ್ಟಿನಲ್ಲಿ ಕೇಳಬೇಕು, ತಾನಾಗಿ ಕಡಿಮೆ ಮಾಡುವ ಹಾಗಿಲ್ಲ.

144ನೇ ಕಲಂನಲ್ಲಿ ಮಗುವಿಗೆ ಜೀವನಾಂಶ 18 ತುಂಬುವವರೆಗೆ. ಅಂಗವೈಕಲ್ಯ ಅಥವಾ ಕಾಯಿಲೆಯಿಂದ ದುಡಿಯಲಾಗದ ಮಗುವಿಗೆ ಆಮೇಲೂ ಸಿಗುತ್ತದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಕಲಂ ಪ್ರಕಾರ ತನ್ನನ್ನು ತಾನು ನೋಡಿಕೊಳ್ಳಲಾಗದ ಮಗಳು ಮದುವೆಯಾಗುವವರೆಗೆ ಕೇಳಬಹುದು, ಇದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಮಗನಿಗೆ ಈ ಅವಕಾಶ ಇಲ್ಲ. ಹಾಗಾಗಿ ಒಪ್ಪಂದ ಬರೆಯುವಾಗಲೇ ಪಿಯುಸಿ ಆದ ಮೇಲೆ ಮಗ ಇಂಜಿನಿಯರಿಂಗೋ ನರ್ಸಿಂಗೋ ಓದಿದರೆ ಫೀಸು ಯಾರು ಎಷ್ಟು ಕೊಡುತ್ತಾರೆ ಎಂದು ಒಂದು ಸಾಲು ಬರೆಸಿಕೊಳ್ಳಿ.